ನಾಯಿಗೆ ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ

ನಮ್ಮ ಕರಿಯನಿಗೆ ಮೊದಲ ಸಲ ಫಿಟ್ಸ್ ಬಂದಾಗ ಅವನಿಗೆ ಮೂರು ವರ್ಷ. ನಡುರಾತ್ರಿ. ಉಗುರು ನೆಲಕ್ಕೆ ಟಕಟಕ ಬಡಿಯುವ ಸದ್ದಿಗೆ ಎಚ್ಚರವಾಗಿ ದೀಪ ಹಾಕಿದರೆ ಅವನು ಮಗ್ಗುಲಾಗಿ ಬಿದ್ದಿದ್ದಾನೆ, ನಾಲ್ಕೂ ಕಾಲು ಈಜುವ ಹಾಗೆ ಹೊಡೆದುಕೊಳ್ಳುತ್ತಿವೆ, ಬಾಯಲ್ಲಿ ನೊರೆ, ಕಣ್ಣು ತೆರೆದೇ ಇದೆ ಆದರೆ ನನ್ನನ್ನು ನೋಡುತ್ತಿಲ್ಲ. ಹೆಸರು ಹಿಡಿದು ಕೂಗಿದೆ. ತಲೆ ಎತ್ತಿ ತೊಡೆ ಮೇಲಿಟ್ಟುಕೊಂಡೆ. ಅತ್ತುಬಿಟ್ಟೆ. ಬೆಳಗ್ಗೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ಇತ್ತು?" ಹತ್ತು ನಿಮಿಷ ಇರಬಹುದು ಅಂದೆ. ಎರಡನೇ ಸಲ ಬಂದಾಗ ಗಡಿಯಾರ ನೋಡಿದೆ. ಆಗಲೂ ಹತ್ತು ನಿಮಿಷ ಕಳೆದ ಹಾಗೇ ಅನ್ನಿಸಿತು, ಆದರೆ ಮುಳ್ಳು ಹೇಳಿದ್ದು 1 ನಿಮಿಷ 20 ಸೆಕೆಂಡ್.

ಅವತ್ತಿನಿಂದ ನಾನು ಯಾರಿಗೆ ಹೇಳಿದರೂ ಮೊದಲು ಹೇಳುವುದು ಇದನ್ನೇ. ಏನು ಮಾಡಬೇಕು ಅಂತ ತಿಳಿಯದಿದ್ದರೂ ಪರವಾಗಿಲ್ಲ, ಗಡಿಯಾರ ನೋಡಿ. ಮುಂದಿನ ಎಲ್ಲ ತೀರ್ಮಾನವೂ ಆ ಲೆಕ್ಕದ ಮೇಲೇ ನಿಂತಿರುತ್ತದೆ.

ಫಿಟ್ಸ್ ನಡೆಯುತ್ತಿರುವಾಗ

ಹೊತ್ತು ನೋಡಿಕೊಂಡಿರಿ. ಆಮೇಲೆ ನಾಯಿಯ ಸುತ್ತ ಇರುವುದನ್ನು ಸರಿಸಿ. ಕುರ್ಚಿ, ಸ್ಟೂಲು, ನೀರಿನ ಬಟ್ಟಲು, ಗಾಜಿನ ವಸ್ತು. ಮೆಟ್ಟಿಲ ಹತ್ತಿರವೋ ಮಂಚದ ಅಂಚಲ್ಲೋ ಇದ್ದರೆ ಮಾತ್ರ ನಾಯಿಯನ್ನೇ ಜರುಗಿಸಿ, ಅದೂ ಹಿಂದಿನಿಂದ, ಸೊಂಟದ ಕಡೆ ಹಿಡಿದು, ಮೆಲ್ಲಗೆ ಎಳೆದು. ತಲೆ ನೆಲಕ್ಕೆ ಬಡಿಯುತ್ತಿದ್ದರೆ ಮಡಿಚಿದ ಬಟ್ಟೆಯನ್ನು ಕೆಳಗೆ ತೂರಿಸಿ. ಕಾಲುಗಳನ್ನು ಅದುಮಿ ಹಿಡಿಯಬೇಡಿ. ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ, ಪೆಟ್ಟಾಗುವುದು ಮಾತ್ರ ಜಾಸ್ತಿ.

ಬಾಯಿಗೆ ಕೈ ಹಾಕಬೇಡಿ. ಚಮಚ, ಬಟ್ಟೆ, ನೀರು, ಮಾತ್ರೆ, ಯಾವುದನ್ನೂ ಹಾಕಬೇಡಿ. ನಾಲಿಗೆ ನುಂಗಿಬಿಡುತ್ತದೆ ಅನ್ನುವುದು ಬರೀ ಹೆದರಿಕೆ, ನಾಯಿ ತನ್ನ ನಾಲಿಗೆಯನ್ನು ನುಂಗಲು ಸಾಧ್ಯವೇ ಇಲ್ಲ. ನಾಲಿಗೆ ಕಚ್ಚಿಕೊಂಡು ಸ್ವಲ್ಪ ರಕ್ತ ಬರಬಹುದು, ಅದು ವಾಸಿಯಾಗುತ್ತದೆ. ಆ ಹೊತ್ತಲ್ಲಿ ದವಡೆ ಅದರ ಹಿಡಿತದಲ್ಲಿ ಇರುವುದಿಲ್ಲ. ಜೀವಮಾನದಲ್ಲಿ ಯಾರನ್ನೂ ಕಚ್ಚದ ನಾಯಿಯೂ ಮೂಳೆ ಮುರಿಯುವಷ್ಟು ಬಿಗಿಯಾಗಿ ಕಚ್ಚಿಬಿಡಬಹುದು, ಅದಕ್ಕೆ ಗೊತ್ತೇ ಆಗದೆ.

ದೀಪ ಮಂದ ಮಾಡಿ, ಟಿವಿ ಆರಿಸಿ, ಮಕ್ಕಳನ್ನೂ ಮನೆಯ ಬೇರೆ ನಾಯಿಗಳನ್ನೂ ಇನ್ನೊಂದು ಕೋಣೆಗೆ ಕಳಿಸಿ. ಎಷ್ಟೋ ವರ್ಷ ಒಟ್ಟಿಗೆ ಬೆಳೆದ ನಾಯಿ ಕೂಡ ಒದ್ದಾಡುತ್ತಿರುವ ನಾಯಿಯ ಮೇಲೆ ಬಿದ್ದದ್ದಿದೆ, ಆದ್ದರಿಂದ ಬಾಗಿಲು ಹಾಕಿಕೊಳ್ಳಿ. ಇನ್ನೊಬ್ಬರು ಜೊತೆಗಿದ್ದರೆ ವಿಡಿಯೋ ಮಾಡಲು ಹೇಳಿ. ನನ್ನ ನಾಯಿ ಹೀಗೆ ನರಳುವಾಗ ಫೋನ್ ಹಿಡಿಯುವುದಾ ಅಂತ ಸಂಕಟ ಆಗುತ್ತದೆ, ನಿಜ. ಆದರೆ ನಾವು ಬಾಯಲ್ಲಿ ಹೇಳುವ ಹತ್ತು ಮಾತಿಗಿಂತ ಆ ಒಂದು ನಿಮಿಷದ ವಿಡಿಯೋ ಡಾಕ್ಟರಿಗೆ ಜಾಸ್ತಿ ಹೇಳುತ್ತದೆ. ಇಡೀ ದೇಹ ಕಾಣಲಿ, ಮುಖ ಕಾಣಲಿ. ಹೆಸರು ಹಿಡಿದು ಒಮ್ಮೆ ಕರೆಯಿರಿ, ಕಿವಿಯೋ ಕಣ್ಣೋ ಅಲುಗುತ್ತದಾ ಅನ್ನುವುದೂ ಅದರಲ್ಲಿ ಬರಲಿ.

ಒಂದು ಸಮಾಧಾನದ ಮಾತು: ದೊಡ್ಡ ಫಿಟ್ಸ್ ಬಂದ ಹೊತ್ತಲ್ಲಿ ನಾಯಿಗೆ ಪ್ರಜ್ಞೆ ಇರುವುದಿಲ್ಲ. ಮಲ ಮೂತ್ರ ಹೋಗಬಹುದು, ಕೂಗಬಹುದು, ಆ ಕೂಗು ಕರುಳು ಹಿಂಡುತ್ತದೆ, ಆದರೆ ನೋವಿಗೆ ಕೂಗುತ್ತಿರುವುದಲ್ಲ.

ಯಾವಾಗ ಕಾಯದೆ ಹೊರಡಬೇಕು

ಬಹುತೇಕ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತವೆ. 5 ನಿಮಿಷ ದಾಟಿದರೆ ಅದು ತುರ್ತು. ಇದಕ್ಕೆ ಡಾಕ್ಟರುಗಳು ಸ್ಟೇಟಸ್ ಎಪಿಲೆಪ್ಟಿಕಸ್ ಅನ್ನುತ್ತಾರೆ. ಅಷ್ಟು ಹೊತ್ತು ಸ್ನಾಯುಗಳು ದುಡಿದರೆ ಮೈ ಕಾವು ಏರುತ್ತಾ ಹೋಗುತ್ತದೆ, ಮಿದುಳಿಗೇ ಪೆಟ್ಟಾಗುತ್ತದೆ, ಮತ್ತು ಹೊತ್ತು ಹೋದಷ್ಟೂ ಔಷಧಿಗೆ ಬಗ್ಗುವುದು ಕಷ್ಟ. 5 ನಿಮಿಷ ಆಗಲಿ ಅಂತ ಸುಮ್ನೆ ಕೂರಬೇಡಿ, 3 ನಿಮಿಷಕ್ಕೇ ಗಾಡಿ ಕೀ ಹುಡುಕಿ, ಆಸ್ಪತ್ರೆಗೆ ಫೋನ್ ಮಾಡಿ.

ಒಂದು ಫಿಟ್ಸ್ ಮುಗಿದು ಪೂರ್ತಿ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೂ ಅಷ್ಟೇ ತುರ್ತು. 24 ಗಂಟೆಯೊಳಗೆ ಎರಡು ಅಥವಾ ಜಾಸ್ತಿ ಬಂದರೆ ಅದು ಕ್ಲಸ್ಟರ್, ನಡುವೆ ನಾಯಿ ಆರಾಮಾಗಿ ಓಡಾಡಿಕೊಂಡಿದ್ದರೂ ಅದೇ ದಿನ ತೋರಿಸಿ. ವಿಷ ತಿಂದಿರುವ ಅನುಮಾನ ಇದ್ದರೆ, ಮರಿ ಹಾಕಿ ಹಾಲೂಡಿಸುತ್ತಿರುವ ತಾಯಿಯಾದರೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ನಾಯಿಯಾದರೆ, ತೀರಾ ಚಿಕ್ಕ ಮರಿಯಾದರೆ, ಒಂದೇ ಸಲ ಬಂದರೂ ಕಾಯಬೇಡಿ.

ದಾರಿಯಲ್ಲಿ ಕಾರಿನ ಕಿಟಕಿ ತೆಗೆದಿರಿ ಅಥವಾ ಎಸಿ ಹಾಕಿ. ಮೈ ಸುಡುತ್ತಿದ್ದರೆ ಪಾದಕ್ಕೆ, ಹೊಟ್ಟೆಗೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಒತ್ತಿ. ಐಸ್ ಬೇಡ.

ನಿಮಗೆ ಪರಿಚಯವಿಲ್ಲದ, ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದ ನಾಯಿಗೆ ಹೀಗಾಗುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ರೇಬಿಸ್‌ನಲ್ಲೂ ಜೊಲ್ಲು, ಸೆಳೆತ ಎರಡೂ ಇರುತ್ತವೆ.

ನಿಂತ ಮೇಲೆ

ಸೆಳೆತ ನಿಂತ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ, ಆದರೆ ನಾಯಿ ಇನ್ನೂ ಪೂರ್ತಿ ವಾಪಸ್ ಬಂದಿರುವುದಿಲ್ಲ. ಕೆಲವು ನಿಮಿಷದಿಂದ ಹಿಡಿದು ಒಂದೊಂದು ಸಲ ಇಡೀ ದಿನ, ಎರಡು ದಿನದವರೆಗೂ ಅದು ಮಂಕಾಗಿರಬಹುದು. ಕಣ್ಣು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಕುಡಿದವರ ಹಾಗೆ ತೂರಾಡುತ್ತದೆ, ಮನೆಯೆಲ್ಲ ಗಿರಗಿರ ಸುತ್ತುತ್ತದೆ, ಸಿಕ್ಕಿದ್ದೆಲ್ಲ ತಿನ್ನಲು ನೋಡುತ್ತದೆ. ಕರಿಯ ಮೊದಲ ಅರ್ಧ ಗಂಟೆ ನನ್ನನ್ನೇ ಗುರುತಿಸುತ್ತಿರಲಿಲ್ಲ. ಮೂಲೆಗೆ ತಲೆ ಕೊಟ್ಟು ನಿಂತುಬಿಡುತ್ತಿದ್ದ. ಆಮೇಲೆ ಯಾವುದೋ ಒಂದು ಕ್ಷಣದಲ್ಲಿ ಬಾಲದ ತುದಿ ಎರಡು ಸಲ ಅಲುಗುತ್ತಿತ್ತು, ಆಗ ಗೊತ್ತಾಗುತ್ತಿತ್ತು ಅವನು ಬಂದ ಅಂತ.

ಈ ಹೊತ್ತಲ್ಲಿ ತಬ್ಬಿಕೊಳ್ಳಬೇಡಿ. ಮುಖದ ಹತ್ತಿರ ಮುಖ ಒಯ್ಯಬೇಡಿ. ದೂರದಿಂದಲೇ ಮೆಲ್ಲಗೆ ಮಾತಾಡಿಸಿ, ಮೆಟ್ಟಿಲಿಗೆ ಅಡ್ಡ ಏನಾದರೂ ಇಡಿ, ಸುತ್ತಲು ಜಾಗ ಕೊಡಿ. ತಾನಾಗಿ ನಿಂತು, ನೇರವಾಗಿ ನಡೆದು, ಹೆಸರಿಗೆ ತಿರುಗಿ ನೋಡಿದ ಮೇಲೆ ಸ್ವಲ್ಪ ನೀರು ಕೊಡಿ. ಸರಿಯಾಗಿ ನುಂಗಿತು ಅಂತಾದರೆ ಸ್ವಲ್ಪ ಊಟ. ಮೊದಲೇ ಕೊಟ್ಟರೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ.

ನಿಜವಾಗಿ ಅದು ಫಿಟ್ಸೇನಾ?

ಬಿದ್ದದ್ದೆಲ್ಲ ಫಿಟ್ಸ್ ಅಲ್ಲ. ಹೃದಯದ ತೊಂದರೆ ಇರುವ ನಾಯಿ ಓಡುವಾಗಲೋ ಕೆಮ್ಮುವಾಗಲೋ ದಪ್ಪನೆ ಬೀಳುತ್ತದೆ, ಮೈ ಸಡಿಲವಾಗುತ್ತದೆ, ಕೆಲವೇ ಸೆಕೆಂಡಲ್ಲಿ ಎದ್ದು ಏನೂ ಆಗದ ಹಾಗೆ ನಡೆಯುತ್ತದೆ. ಫಿಟ್ಸ್ ಹಾಗಲ್ಲ, ಹೆಚ್ಚಾಗಿ ಮಲಗಿದ್ದಾಗಲೋ ವಿಶ್ರಾಂತಿಯಲ್ಲಿದ್ದಾಗಲೋ ಬರುತ್ತದೆ, ನಂತರ ಮಂಕು ಇರುತ್ತದೆ. ವಯಸ್ಸಾದ ನಾಯಿ ತಲೆ ಒಂದು ಕಡೆ ವಾಲಿಸಿ, ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತಾ ಉರುಳುತ್ತಿದ್ದರೆ ಅದು ಒಳಕಿವಿಯ ಸಮತೋಲನದ ತೊಂದರೆ ಇರಬಹುದು. ಬುಲ್‌ಡಾಗ್, ಬಾಕ್ಸರ್, ಡಾಬರ್‌ಮನ್ ತಳಿಗಳಲ್ಲಿ ಬರೀ ತಲೆ ಮಾತ್ರ ಗಡಗಡ ಅಲ್ಲಾಡುವುದುಂಟು; ಅದರ ಇಷ್ಟದ ತಿಂಡಿ ತೋರಿಸಿದರೆ ಅಲ್ಲಾಟ ನಿಲ್ಲುತ್ತದೆ. ತಿಂಡಿ ತೋರಿಸಿ ಫಿಟ್ಸ್ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ನಿದ್ದೆಯಲ್ಲಿ ಕಾಲಾಡಿಸುತ್ತಾ ಕುಂಯ್‌ಗುಡುವ ನಾಯಿಯನ್ನು ಕರೆದರೆ ಎಚ್ಚರವಾಗುತ್ತದೆ, ಅದು ಬರೀ ಕನಸು.

ಇದಕ್ಕೆ ತದ್ವಿರುದ್ಧವಾಗಿ, ಫಿಟ್ಸ್ ಅಂತ ನಮಗೆ ಹೊಳೆಯದ ಫಿಟ್ಸೂ ಇವೆ. ಮುಖದ ಒಂದೇ ಬದಿ ಸೆಳೆಯುವುದು, ಒಂದೇ ಕಾಲು ತಾಳ ಹಾಕಿದ ಹಾಗೆ ಅದುರುವುದು, ಕೆಲವು ಸಲ ಇಲ್ಲದ ನೊಣವನ್ನು ಹಿಡಿಯುವ ಹಾಗೆ ಗಾಳಿ ಕಚ್ಚುವುದು. ಇವನ್ನೂ ವಿಡಿಯೋ ಮಾಡಿ.

ಡಾಕ್ಟರ ಹತ್ತಿರ

ಮೊದಲ ಸಲ ಬಂದಾಗ ಹುಡುಕಬೇಕಾದದ್ದು, ಮಿದುಳಿಗೆ ಹೊರಗಿನಿಂದ ಏನಾದರೂ ತೊಂದರೆ ಆಗಿದೆಯಾ ಅಂತ. ರಕ್ತದಲ್ಲಿ ಸಕ್ಕರೆ ಕುಸಿದರೆ, ಕ್ಯಾಲ್ಸಿಯಂ ಕುಸಿದರೆ, ಲಿವರ್ ಕೆಲಸ ಮಾಡದಿದ್ದರೆ, ವಿಷ ಹೋದರೆ ಚೆನ್ನಾಗಿರುವ ಮಿದುಳೂ ಸೆಳೆತಕ್ಕೆ ಬೀಳುತ್ತದೆ. ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಝೈಲಿಟಾಲ್, ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್, ಗಿಡಕ್ಕೆ ಹೊಡೆಯುವ ಕೀಟನಾಶಕ, ಇವೆಲ್ಲ ಆ ಪಟ್ಟಿಯಲ್ಲಿವೆ. ತಿಂದಿರಬಹುದು ಅನ್ನುವ ಸಣ್ಣ ಅನುಮಾನ ಇದ್ದರೂ ಮುಚ್ಚಿಡದೆ ಹೇಳಿ, ಆ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ. ಲಸಿಕೆ ಆಗದ ಮರಿಗಳಲ್ಲಿ ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಒಂದು ದೊಡ್ಡ ಕಾರಣ.

ಆದ್ದರಿಂದ ರಕ್ತ, ಮೂತ್ರ ಪರೀಕ್ಷೆ, ಲಿವರ್‌ಗೆ ಬೈಲ್ ಆಸಿಡ್ ಪರೀಕ್ಷೆ ಮಾಡುತ್ತಾರೆ. ಎಲ್ಲ ಸರಿಯಿದ್ದು, ನಾಯಿಗೆ 6 ತಿಂಗಳಿಂದ 6 ವರ್ಷದ ಒಳಗೆ ಶುರುವಾಗಿದ್ದು, ಫಿಟ್ಸ್ ಇಲ್ಲದ ದಿನಗಳಲ್ಲಿ ನಡೆ ನೋಟ ಎಲ್ಲ ಚೆನ್ನಾಗಿದ್ದು, 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಕನಿಷ್ಠ ಎರಡು ಸಲ ಬಂದಿದ್ದರೆ ಅದನ್ನು ಇಡಿಯೋಪಥಿಕ್ ಎಪಿಲೆಪ್ಸಿ ಅನ್ನುತ್ತಾರೆ. ಸರಳವಾಗಿ ಹೇಳಬೇಕೆಂದರೆ ಮೂರ್ಛೆರೋಗ. ಬಹಳ ಸಲ ಹುಟ್ಟಿನಿಂದಲೇ ಬಂದ ಗುಣ. ಆ 6 ತಿಂಗಳು, 6 ವರ್ಷದ ಆಚೀಚೆ ಶುರುವಾದರೆ, ಅಥವಾ ಮೊದಲ ಸಲವೇ ಕ್ಲಸ್ಟರ್ ಆಗಿ ಬಂದರೆ, ಗಡ್ಡೆಯೋ ಉರಿಯೂತವೋ ಇರಬಹುದಾ ಅಂತ ಎಂಆರ್‌ಐ, ಬೆನ್ನುಹುರಿಯ ದ್ರವದ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಏಳೆಂಟು ವರ್ಷದ ನಾಯಿಗೆ ಹೊಸದಾಗಿ ಫಿಟ್ಸ್ ಶುರುವಾದರೆ ಇದನ್ನು ಮುಂದೂಡಬೇಡಿ ಅನ್ನುವುದು ನನ್ನ ಮಾತು.

ಬಾರ್ಡರ್ ಕಾಲಿ, ಬೆಲ್ಜಿಯನ್ ಶೆಪರ್ಡ್, ಬೀಗಲ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮುಂತಾದ ತಳಿಗಳಲ್ಲಿ ಇದು ಜಾಸ್ತಿ. ಮಿಶ್ರ ತಳಿಗೂ ಬರುತ್ತದೆ. ಮೂರ್ಛೆರೋಗ ಇರುವ ನಾಯಿಯಿಂದ ದಯವಿಟ್ಟು ಮರಿ ಮಾಡಿಸಬೇಡಿ.

ಮಾತ್ರೆ ಶುರು ಮಾಡುವುದು

ವರ್ಷಕ್ಕೆ ಒಂದು ಸಲ, ಚಿಕ್ಕದಾಗಿ ಬಂದು ಹೋದರೆ ಡಾಕ್ಟರು ಕಾದು ನೋಡೋಣ ಅನ್ನಬಹುದು. 6 ತಿಂಗಳಲ್ಲಿ ಎರಡು ಅಥವಾ ಜಾಸ್ತಿ ಬಂದರೆ, ಕ್ಲಸ್ಟರ್ ಆದರೆ, 5 ನಿಮಿಷ ದಾಟಿದರೆ, ನಂತರದ ಮಂಕು ತೀರಾ ಕೆಟ್ಟದಾಗಿದ್ದರೆ ಮಾತ್ರೆ ಶುರು ಮಾಡುತ್ತಾರೆ. ಬೇಗ ಶುರು ಮಾಡಿದರೆ ಹತೋಟಿಗೆ ಬರುವ ಸಾಧ್ಯತೆ ಚೆನ್ನಾಗಿರುತ್ತದೆ. ಇಷ್ಟು ಚಿಕ್ಕ ನಾಯಿಗೆ ಜೀವಮಾನವಿಡೀ ಮಾತ್ರೆಯಾ ಅಂತ ನಾನು ಎರಡು ತಿಂಗಳು ತಳ್ಳಿದೆ, ತಳ್ಳಬಾರದಿತ್ತು.

ಹೆಚ್ಚಾಗಿ ಕೊಡುವುದು ಫಿನೋಬಾರ್ಬಿಟಾಲ್, ದಿನಕ್ಕೆ ಎರಡು ಸಲ, 12 ಗಂಟೆಗೊಮ್ಮೆ. ಅದು ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಎರಡು ವಾರ ಬೇಕು, ಹಾಗಾಗಿ ಮೂರನೇ ದಿನಕ್ಕೆ ಫಿಟ್ಸ್ ಬಂದರೆ ಮಾತ್ರೆ ನಾಟಲಿಲ್ಲ ಅಂತ ಕೈಬಿಡಬೇಡಿ. ಆ ಮೊದಲ ವಾರಗಳಲ್ಲಿ ನಾಯಿ ತೂಗಡಿಸುತ್ತದೆ, ಹಿಂಗಾಲು ಜೋಲಿ ಹೊಡೆಯುತ್ತದೆ, ಅದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಹಸಿವು, ಬಾಯಾರಿಕೆ, ಪದೇ ಪದೇ ಮೂತ್ರ ಮಾತ್ರ ಉಳಿದುಕೊಳ್ಳುತ್ತವೆ. ಹಸಿವು ಅಂತ ಕೇಳಿದಷ್ಟೂ ಹಾಕಿದರೆ ಆರು ತಿಂಗಳಲ್ಲಿ ದುಂಡಗಾಗಿರುತ್ತದೆ, ಅಳೆದೇ ಹಾಕಿ. ನೀರನ್ನು ಮಾತ್ರ ಯಾವತ್ತೂ ಕಡಿಮೆ ಮಾಡಬೇಡಿ.

ಎರಡು ವಾರ ಕಳೆದ ಮೇಲೆ ರಕ್ತದಲ್ಲಿ ಔಷಧ ಎಷ್ಟಿದೆ ಅಂತ ನೋಡಿಸಬೇಕು, ಪ್ರಮಾಣ ಬದಲಾದಾಗಲೆಲ್ಲ ಮತ್ತೆ, ಆಮೇಲೆ 6 ತಿಂಗಳಿಗೊಮ್ಮೆ ಲಿವರ್ ಜೊತೆಗೆ. ಒಂದೇ ತೂಕದ ಎರಡು ನಾಯಿಗೆ ಒಂದೇ ಮಾತ್ರೆ ಕೊಟ್ಟರೂ ರಕ್ತದಲ್ಲಿ ಸಿಗುವ ಮಟ್ಟ ಬೇರೆ ಬೇರೆ. ಇನ್ನೊಂದು ವಿಷಯ, ಈ ಔಷಧದಿಂದ ರಿಪೋರ್ಟಿನಲ್ಲಿ ಲಿವರ್‌ನ ಎಎಲ್‌ಪಿ ಅನ್ನುವ ಕಿಣ್ವ ಏರಿರುತ್ತದೆ, ಥೈರಾಯ್ಡ್‌ನ ಟಿ4 ಅನ್ನುವ ಹಾರ್ಮೋನ್ ಇಳಿದಿರುತ್ತದೆ, ಕಾಯಿಲೆ ಇಲ್ಲದೆಯೂ. ಕಾಗದ ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಊಟ ಬಿಟ್ಟು ವಾಂತಿ ಮಾಡಿದರೆ, ಒಸಡು ಹಳದಿಯಾದರೆ, ಜ್ವರ ಬಂದು ಪೂರ್ತಿ ಸೋತು ಮಲಗಿದರೆ ಆಗ ತಡಮಾಡದೆ ತೋರಿಸಿ.

ಪೊಟ್ಯಾಸಿಯಂ ಬ್ರೋಮೈಡ್ ಇನ್ನೊಂದು ಔಷಧ, ಒಂಟಿಯಾಗಿಯೂ ಫಿನೋಬಾರ್ಬಿಟಾಲ್ ಜೊತೆಗೂ ಕೊಡುತ್ತಾರೆ. ಅದು ಮಟ್ಟಕ್ಕೆ ಬರಲು ಸುಮಾರು ಮೂರು ತಿಂಗಳೇ ಬೇಕು. ಇದನ್ನು ಕೊಡುವಾಗ ಊಟದ ಉಪ್ಪು ಏರುಪೇರಾಗಬಾರದು. ಉಪ್ಪು ಜಾಸ್ತಿಯಾದರೆ ಔಷಧ ಮೂತ್ರದಲ್ಲಿ ಬೇಗ ಹೊರಹೋಗುತ್ತದೆ, ಉಪ್ಪು ಕಡಿಮೆಯಾದರೆ ಮೈಯಲ್ಲೇ ನಿಂತು ವಿಷವಾಗಬಹುದು. ಲೆವೆಟಿರಾಸೆಟಮ್ ಲಿವರ್‌ಗೆ ಹಗುರ, ಆದರೆ ಬೇಗ ಕರಗಿ ಹೋಗುವುದರಿಂದ ಸಾಮಾನ್ಯ ಮಾತ್ರೆಯನ್ನು 8 ಗಂಟೆಗೊಮ್ಮೆ ಕೊಡಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ 12 ಗಂಟೆಗೊಮ್ಮೆ ಸಾಕು, ಅದನ್ನು ಮುರಿಯಬಾರದು, ಪುಡಿ ಮಾಡಬಾರದು. ಇಮೆಪಿಟೋಯಿನ್, ಝೋನಿಸಮೈಡ್ ಕೂಡ ಬಳಕೆಯಲ್ಲಿವೆ.

ಮಾತ್ರೆಯ ಹೊತ್ತು

ಇಲ್ಲಿ ಮತ್ತೆ ಗಡಿಯಾರ ಬೇಕು. ಬೆಳಗ್ಗೆ 7, ರಾತ್ರಿ 7 ಅಂದರೆ 7. ಭಾನುವಾರ ಅಂತ 9ಕ್ಕೆ ಏಳುವ ಹಾಗಿಲ್ಲ. ಮನೆಯಲ್ಲಿ ಇಬ್ಬರು ಕೊಡುವವರಿದ್ದರೆ ವಾರದ ಮಾತ್ರೆ ಡಬ್ಬಿ ಇಡಿ, ಖಾನೆ ಖಾಲಿಯಿದ್ದರೆ ಕೊಟ್ಟಾಯಿತು ಅಂತ. ನಮ್ಮ ಮನೆಯಲ್ಲಿ ಒಮ್ಮೆ ಇಬ್ಬರೂ ಕೊಟ್ಟು ಕರಿಯ ಇಡೀ ರಾತ್ರಿ ಎದ್ದು ನಿಲ್ಲಲಾರದೆ ಮಲಗಿದ್ದ, ಆಮೇಲೆ ಬಂದದ್ದು ಆ ಡಬ್ಬಿ.

ಮರೆತದ್ದು ಒಂದೆರಡು ಗಂಟೆಯಲ್ಲಿ ನೆನಪಾದರೆ ತಕ್ಷಣ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಫೋನ್ ಮಾಡಿ ಕೇಳಿ. ಎರಡನ್ನೂ ಸೇರಿಸಿ ಕೊಡಬೇಡಿ. ಮಾತ್ರೆ ನುಂಗಿದ ಮೇಲೆ ನಾಯಿ ಮುಖ ತಿರುಗಿಸಿಕೊಂಡು ಹೋಗಿ ಮೂಲೆಯಲ್ಲಿ ಉಗುಳುವುದುಂಟು, ಒಂದು ನಿಮಿಷ ಹತ್ತಿರವೇ ಇರಿ.

ಫಿಟ್ಸ್ ಬಂದು ಮೂರು ತಿಂಗಳಾಯಿತು, ವಾಸಿಯಾಗಿದೆ ಅಂತ ನೀವಾಗೇ ನಿಲ್ಲಿಸಬೇಡಿ. ಹಾಗೆ ಥಟ್ಟನೆ ನಿಲ್ಲಿಸುವುದೇ ಭಾರೀ ಫಿಟ್ಸ್ ತರುತ್ತದೆ, ಜೀವಕ್ಕೇ ಅಪಾಯ. ಒಂದೆರಡು ವರ್ಷ ಪೂರ್ತಿ ಬರದೇ ಇದ್ದರೆ ಡಾಕ್ಟರು ತಿಂಗಳಿಗೆ 20 ಪ್ರತಿಶತಕ್ಕಿಂತ ಜಾಸ್ತಿ ಇಳಿಸದೆ ನಿಧಾನವಾಗಿ ಕಡಿಮೆ ಮಾಡಿ ನೋಡಬಹುದು. ಮಾತ್ರೆಯ ಕೊನೆಯ ಪಟ್ಟಿ ತೆರೆಯುವ ಮೊದಲೇ ಮುಂದಿನದು ಮನೆಯಲ್ಲಿರಲಿ, ಏಕೆಂದರೆ ಫಿನೋಬಾರ್ಬಿಟಾಲ್‌ಗೆ ಚೀಟಿ ಬೇಕೇ ಬೇಕು ಮತ್ತು ಎಲ್ಲ ಕಡೆ ಯಾವಾಗಲೂ ಸಿಗುವುದಿಲ್ಲ.

ಮನೆಯಲ್ಲಿ ಇಡುವ ತುರ್ತು ಔಷಧ

ಕ್ಲಸ್ಟರ್ ಬರುವ ನಾಯಿಗೆ, ಆಸ್ಪತ್ರೆ ದೂರ ಇರುವವರಿಗೆ ಇದು ಬೇಕೇ ಬೇಕು ಅನ್ನುತ್ತೇನೆ. ಡಯಾಜೆಪಾಮ್ ಗುದದ್ವಾರದ ಮೂಲಕ, ಅಥವಾ ಮಿಡಜೋಲಾಮ್ ಮೂಗಿಗೆ ಸಿಂಪಡಿಸುವ ತುದಿಯ ಮೂಲಕ. ಮೂಗಿನದು ಜಾಸ್ತಿ ಚೆನ್ನಾಗಿ ಕೆಲಸ ಮಾಡುತ್ತದೆ. ಎಷ್ಟು ಎಂಎಲ್, ಎಷ್ಟನೇ ನಿಮಿಷಕ್ಕೆ, ದಿನದಲ್ಲಿ ಎಷ್ಟು ಸಲ ಅಂತ ಡಾಕ್ಟರಿಂದ ಬರೆಸಿಕೊಳ್ಳಿ, ಖಾಲಿ ಸಿರಿಂಜಲ್ಲಿ ನೀರು ತುಂಬಿ ಅವರ ಮುಂದೆಯೇ ಒಮ್ಮೆ ಮಾಡಿ ತೋರಿಸಿ. ಡಯಾಜೆಪಾಮ್ ಅನ್ನು ಪ್ಲಾಸ್ಟಿಕ್ ಸಿರಿಂಜಲ್ಲಿ ತುಂಬಿಟ್ಟರೆ ಪ್ಲಾಸ್ಟಿಕ್ ಅದನ್ನು ಹೀರಿಕೊಳ್ಳುತ್ತದೆ. ಬಾಟಲಿಯಲ್ಲೇ, ಬೆಳಕು ಬೀಳದ ಕಡೆ ಇಟ್ಟು ಬೇಕಾದಾಗ ಎಳೆದುಕೊಳ್ಳಿ.

ದಿನನಿತ್ಯ

ನಾಯಿಯನ್ನು ಒಂಟಿಯಾಗಿ ಈಜಲು ಬಿಡಬೇಡಿ, ಮಂಚದ ಮೇಲೆ ಮಲಗಿಸುವ ಅಭ್ಯಾಸ ಇದ್ದರೆ ಬಿಡಿಸಿ. ಉಳಿದಂತೆ ಓಡಲಿ, ಆಡಲಿ. ಉಣ್ಣಿ, ಚಿಗಟಕ್ಕೆ ಕೊಡುವ ಐಸಾಕ್ಸಜೋಲಿನ್ ಗುಂಪಿನ ಔಷಧಗಳಿಂದ (ಫ್ಲುರಲಾನರ್, ಅಫಾಕ್ಸೊಲಾನರ್, ಸರೋಲಾನರ್, ಲೋಟಿಲಾನರ್) ಕೆಲವು ನಾಯಿಗಳಿಗೆ ಸೆಳೆತ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಫಿಟ್ಸ್ ಇರುವ ನಾಯಿಗೆ ಬೇರೆ ಯಾವುದು ಆಗುತ್ತದೆ ಅಂತ ಕೇಳಿಯೇ ಹಾಕಿ. ಎಂಸಿಟಿ ಎಣ್ಣೆ (ತೆಂಗಿನೆಣ್ಣೆಯಂಥದ್ದರಿಂದ ತೆಗೆಯುವ ಒಂದು ಬಗೆಯ ಕೊಬ್ಬು) ಸೇರಿದ ಆಹಾರ ಕೆಲವು ನಾಯಿಗಳಲ್ಲಿ ಫಿಟ್ಸ್ ಕಡಿಮೆ ಮಾಡಿದೆ, ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ. ಹೆಣ್ಣು ನಾಯಿಗೆ ಬೆದೆಯ ಸಮಯದಲ್ಲೇ ಫಿಟ್ಸ್ ಬರುತ್ತಿದ್ದರೆ ಸಂತಾನಹರಣ ಮಾಡಿಸುವ ಬಗ್ಗೆ ಮಾತಾಡಿ. ಹಲ್ಲಿಗೋ ಗಾಯಕ್ಕೋ ಬೇರೆ ಡಾಕ್ಟರ ಹತ್ತಿರ ಹೋದರೆ ಯಾವ ಮಾತ್ರೆ ನಡೆಯುತ್ತಿದೆ ಅಂತ ಮೊದಲ ಮಾತಲ್ಲೇ ಹೇಳಿ.

ಒಂದು ನೋಟ್‌ಬುಕ್ ಇಡಿ. ತಾರೀಕು, ಶುರುವಾದ ಹೊತ್ತು, ಎಷ್ಟು ಸೆಕೆಂಡ್, ಮೊದಲು ಏನು ಮಾಡುತ್ತಿತ್ತು, ನಂತರ ಎಷ್ಟು ಹೊತ್ತು ಮಂಕು, ಮಾತ್ರೆ ತಪ್ಪಿತ್ತಾ, ಹೊಟ್ಟೆ ಕೆಟ್ಟಿತ್ತಾ, ಮನೆಗೆ ಜನ ಬಂದಿದ್ದರಾ. ವರ್ಷ ಕಳೆದ ಮೇಲೆ ಕರಿಯನ ಪುಸ್ತಕ ತಿರುವಿದಾಗ ಕಂಡದ್ದು, ಬಹುತೇಕ ಫಿಟ್ಸ್ ಬೆಳಗಿನ ಜಾವ 3ರಿಂದ 5ರ ನಡುವೆ. ಹಿಂದಿನ ದಿನ ಅವನು ನನ್ನನ್ನು ಬಿಡದೆ ಅಂಟಿಕೊಂಡಿರುತ್ತಿದ್ದ ಅನ್ನುವುದೂ ಆಗಲೇ ಗಮನಕ್ಕೆ ಬಂತು. ಪೂರ್ತಿ ನಿಂತರೆ ಅದಕ್ಕಿಂತ ಸಂತೋಷ ಇಲ್ಲ, ಆದರೆ ತಿಂಗಳಿಗೆ ನಾಲ್ಕು ಬರುತ್ತಿದ್ದದ್ದು ಎರಡಕ್ಕೆ ಇಳಿದರೂ ಚಿಕಿತ್ಸೆ ಫಲಿಸುತ್ತಿದೆ ಅಂತಲೇ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ಎರಡು ಔಷಧ ಸರಿಯಾದ ಮಟ್ಟದಲ್ಲಿದ್ದರೂ ಹತೋಟಿಗೆ ಬರದ ನಾಯಿಗಳು ಇವೆ. ಅಂಥ ಹೊತ್ತಲ್ಲಿ ನರರೋಗ ನೋಡುವ ಪಶುವೈದ್ಯರ ಹತ್ತಿರ ಒಮ್ಮೆಯಾದರೂ ತೋರಿಸಿ, ಈ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಫಿಟ್ಸ್‌ಗಳ ನಡುವಿನ ದಿನಗಳು ಅದಕ್ಕೆ ಹೇಗಿವೆ, ಊಟ ರುಚಿಸುತ್ತಿದೆಯಾ, ನಿಮ್ಮನ್ನು ಕಂಡರೆ ಬಾಲ ಆಡಿಸುತ್ತಿದೆಯಾ ಅನ್ನುವುದನ್ನೂ ಅದರಲ್ಲಿ ಬರೆಯಿರಿ. ಮುಂದೆ ಕಷ್ಟದ ತೀರ್ಮಾನ ಬಂದರೆ ಆ ಪುಟಗಳೇ ಕೈ ಹಿಡಿಯುತ್ತವೆ.

ಬೇರೆಯವರ ಹತ್ತಿರ ಬಿಟ್ಟು ಹೋಗುವಾಗ

ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮಾತ್ರೆಯ ಹೆಸರು, ಹೊತ್ತು. ಫಿಟ್ಸ್ ಬಂದರೆ ಮೊದಲು ಗಡಿಯಾರ, ಬಾಯಿಗೆ ಕೈ ಬೇಡ, ಇಷ್ಟನೇ ನಿಮಿಷಕ್ಕೆ ತುರ್ತು ಔಷಧ, 5 ನಿಮಿಷಕ್ಕೆ ಆಸ್ಪತ್ರೆ. ಡಾಕ್ಟರ ನಂಬರು, ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರು. ನಾಯಿಯ ತೂಕವನ್ನೂ ಬರೆಯಿರಿ, ಗಾಬರಿಯಲ್ಲಿ ಅದು ಯಾರಿಗೂ ನೆನಪಿರುವುದಿಲ್ಲ.

ಹೋದ ವರ್ಷ ಎರಡು ದಿನ ನಾನು ಇಲ್ಲದಿದ್ದಾಗ ಕರಿಯನನ್ನು ನೋಡಿಕೊಂಡಿದ್ದು ನನ್ನ ತಂಗಿ. ನಾಯಿ ಅಂದರೇ ಸ್ವಲ್ಪ ಹೆದರುವವಳು. ಬೆಳಗಿನ ಜಾವ ನಾಲ್ಕಕ್ಕೆ ಅವಳ ಫೋನ್ ಬಂತು, ದನಿ ನಡುಗುತ್ತಿತ್ತು. "ಅಕ್ಕಾ, 1 ನಿಮಿಷ 50 ಸೆಕೆಂಡ್. ನಿಂತಿದೆ. ಗೋಡೆ ಹತ್ತಿರ ನಿಂತ್ಕೊಂಡಿದ್ದಾನೆ, ನಾನು ದೂರ ಕೂತಿದೀನಿ, ವಿಡಿಯೋ ಕಳಿಸಿದೀನಿ ನೋಡು." ನಾನು ವಿಡಿಯೋ ತೆರೆಯುವ ಮೊದಲೇ ಅವಳು ಮತ್ತೆ ಅಂದಳು, "ಇರು, ಬಾಲ ಆಡಿಸ್ತಾ ಇದ್ದಾನೆ."